ಹಿತ್ತಲ ಬಾಗಿಲು ತೆರೆಯುವ ಮುನ್ನ

ವರ್ಷಾನುಗಟ್ಟಲೆ ಆಸೆಯಿಂದ ಬೆಳೆಸಿದ ಹಿತ್ತಲು ನಿಮ್ಮದು. ಕರಿಬೇವಿನ ಸುತ್ತ ಚಿಟ್ಟೆ ಸುಳಿಯುತ್ತವೆ, ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಕಂಡವರು ‘ಒಂದಿನ ನಮ್ಮ ಮಕ್ಕಳನ್ನೂ ಕರ್ಕೊಂಡು ಬರ್ತೀವಿ’ ಅನ್ನುತ್ತಾರೆ, ಶಾಲೆಯ ಮೇಷ್ಟ್ರೂ ಕೇಳುತ್ತಾರೆ. ನೀವು ಒಂದು ಭಾನುವಾರ ಗೊತ್ತು ಮಾಡುತ್ತೀರಿ. ಹಿಂದಿನ ದಿನ ಆಳು ಕರೆಸಿ ಕಳೆ ಕೀಳಿಸಿ, ತರಗೆಲೆ ಗುಡಿಸಿ ಸುಟ್ಟು, ಜೇಡರ ಬಲೆ ತೆಗೆದು, ಹುಳ ಬಿದ್ದ ಗಿಡಕ್ಕೆ ಔಷಧಿ ಹೊಡೆಸುತ್ತೀರಿ. ಮರುದಿನ ಮನೆ ತುಂಬ ಜನ. ಹಿತ್ತಲು ಕನ್ನಡಿಯ ಹಾಗೆ ಹೊಳೆಯುತ್ತಿದೆ. ಚಿಟ್ಟೆ ಮಾತ್ರ ಒಂದೂ ಇಲ್ಲ.

ಗುಡಿಸಿ ಹಾಕಿದ ಆ ತರಗೆಲೆ, ಬಲೆ, ಹುಳುಗಳಿಂದಲೇ ಹಿತ್ತಲಿಗೆ ಜೀವಿಗಳು ಬರುತ್ತಿದ್ದವು. ಸೂರಕ್ಕಿಯ ಜೋತಾಡುವ ಗೂಡಿಗೆ, ಟುವ್ವಿ ಹಕ್ಕಿಯ ಎಲೆ ಹೊಲಿಗೆಗೆ ಜೇಡರ ಬಲೆಯ ನೂಲು ಬೇಕು. ಮಕರಂದ ಹೀರುವ ಸೂರಕ್ಕಿ, ಕಾಳು ತಿನ್ನುವ ಗುಬ್ಬಚ್ಚಿ ಕೂಡ ಮರಿಗಳಿಗೆ ಗುಟುಕು ಕೊಡುವುದು ಮೆತ್ತನೆಯ ಹುಳುಗಳನ್ನೇ. ಕರಿಬೇವಿನ ಎಲೆ ತೂತು ಮಾಡಿದ ಹಸಿರು ಹುಳ ಮುಂದೆ ಚಿಟ್ಟೆಯಾಗುವ ಹುಳ. ಆದ್ದರಿಂದ ಅತಿಥಿಗಳನ್ನು ಕರೆಯುವವರು ಚೊಕ್ಕ ಮಾಡಬೇಕಾದದ್ದು ಜನ ನಡೆಯುವ ಹಾದಿಯನ್ನು. ಉಳಿದ ಹಿತ್ತಲು ಇದ್ದ ಹಾಗೆ ಇರಲಿ. ಮುಂದೆ ಹೇಳುವ ಎಲ್ಲ ಕ್ರಮವೂ ಇದೊಂದರ ಮೇಲೆ ನಿಂತಿದೆ.

ಖಾಸಗಿ ತೋಟವನ್ನು ಜನರಿಗೆ ತೆರೆಯುವುದು ಹೊಸದೇನಲ್ಲ. ಇಂಗ್ಲೆಂಡಿನಲ್ಲಿ 1927ರಲ್ಲಿ, ಮನೆಮನೆಗೆ ಹೋಗಿ ಶುಶ್ರೂಷೆ ಮಾಡುವ ದಾದಿಯರ ನಿಧಿಗೆಂದು 609 ತೋಟಗಳನ್ನು ತಲೆಗೊಂದು ಶಿಲಿಂಗ್‌ನಂತೆ ತೆರೆದಿದ್ದರು. ನ್ಯಾಷನಲ್ ಗಾರ್ಡನ್ ಸ್ಕೀಮ್ ಎಂಬ ಆ ಪದ್ಧತಿ ಈಗಲೂ ನಡೆದಿದೆ. ನಮ್ಮಲ್ಲಿ ಮೈಸೂರು ದಸರಾ ಹೊತ್ತಿಗೆ ಮನೆ ತೋಟಗಳ ಸ್ಪರ್ಧೆ ನಡೆಯುತ್ತದೆ. ಶಿರಸಿಯ ‘ವನಸ್ತ್ರೀ’ ಬಳಗದ ಹೆಣ್ಣುಮಕ್ಕಳು 2001ರಿಂದ ಮಲೆನಾಡಿನ ಹಿತ್ತಲುಗಳ ನಾಟಿ ಬೀಜ, ಗೆಡ್ಡೆಗಳನ್ನು ಮೇಳಗಳಲ್ಲಿ ಜನರೆದುರು ಇಡುತ್ತ ಬಂದಿದ್ದಾರೆ. ನಮ್ಮ ವಿಷಯಕ್ಕೆ ತೀರ ಹತ್ತಿರದ ಮಾದರಿ ಮೂಡುಬಿದಿರೆ ಬಳಿಯ ಬೆಳುವಾಯಿಯದು. ಸಮ್ಮಿಲನ್ ಶೆಟ್ಟಿ ತಮ್ಮ ಕುಟುಂಬದ ಸುಮಾರು ಏಳು ಎಕರೆ ಜಾಗದಲ್ಲಿ ಚಿಟ್ಟೆಗಳಿಗೆ ಬೇಕಾದ ಗಿಡ ಬೆಳೆಸಿ, 2013ರಲ್ಲಿ ಅದನ್ನು ಜನರಿಗೆ ತೆರೆದರು. ಚಿಟ್ಟೆಗಳು ಅಲ್ಲಿ ತಾವಾಗಿ ಬರುತ್ತವೆ, ತಾವಾಗಿ ಹೋಗುತ್ತವೆ. ಭೇಟಿಗೆ ಭಾನುವಾರ ಮೀಸಲು. ಇಷ್ಟು ಜನ, ಇಷ್ಟು ಹೊತ್ತು ಎಂದು ಮಿತಿ ಹಾಕಿಕೊಳ್ಳುವುದು ಒಂದು ಗುಂಟೆ ಹಿತ್ತಲಿಗೂ ಬೇಕಾದ ಶಿಸ್ತು.

ದಾವಣಗೆರೆ ಸೀಮೆಯ ನಲ್ಲೂರು ಸುತ್ತಿನ ಮನೆಗಳಿಗೆ ಒಂದು ಅನುಕೂಲವಿದೆ. ಮನೆ ಹಿಂದೆಯೇ ಅಡಿಕೆ ತೋಟ, ಬಾಳೆ, ತೆಂಗು, ಒಂದೆರಡು ಕರಿಬೇವು, ದಾಳಿಂಬೆ. ನೆರಳು, ತೇವ ಎರಡೂ ಇವೆ. ಕೊರತೆ ಇರುವುದು ಬಿಸಿಲಿನದು. ಚಿಟ್ಟೆಯ ಮೈ ಕಾಯದೆ ಅದು ಹಾರಲಾರದು, ಹೂಗಿಡಗಳಿಗೂ ಬಿಸಿಲು ಬೇಕು. ಹಾಗಾಗಿ ಅಡಿಕೆ ಸಾಲು ಮುಗಿದು ಮನೆ ಶುರುವಾಗುವ ಅಂಚು, ಬಟ್ಟೆ ಒಣಹಾಕುವ ಜಾಗ, ಕೊಟ್ಟಿಗೆಯ ಪಕ್ಕದ ಬಯಲು ನಿಮ್ಮ ಹಿತ್ತಲಿನ ಅತ್ಯಂತ ಬೆಲೆಬಾಳುವ ನೆಲ. ಅಲ್ಲಿಗೆ ಸಿಮೆಂಟ್ ಹಾಕಿಸಬೇಡಿ.

ಹಂತ ಹಂತವಾಗಿ

1. ಕರೆಯುವ ಮೊದಲು ನೋಡಿ ಬರೆಯಿರಿ. ಒಂದು ನೋಟ್‌ಪುಸ್ತಕ ಇಡಿ. ಯಾವ ಗಿಡಕ್ಕೆ ಯಾವ ಹೊತ್ತಲ್ಲಿ ಏನು ಬರುತ್ತದೆ, ಗೂಡು ಎಲ್ಲಿದೆ, ಹಾವು ಕಂಡದ್ದೆಲ್ಲಿ, ಬೆಕ್ಕು ಹೊಂಚು ಹಾಕುವುದೆಲ್ಲಿ. ಒಂದೆರಡು ತಿಂಗಳು ಬರೆದರೆ ನಿಮ್ಮ ಹಿತ್ತಲಿನ ಪಂಚಾಂಗವೇ ಸಿದ್ಧವಾಗುತ್ತದೆ. ಮನೆಯ ಮಕ್ಕಳಿಗೆ ಈ ಕೆಲಸ ಒಪ್ಪಿಸಿ, ದೊಡ್ಡವರಿಗಿಂತ ಅವರ ಕಣ್ಣು ಚುರುಕು. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ನಲ್ಲಿ ಭಾರತದವರೂ 2013ರಿಂದ ಪಾಲ್ಗೊಳ್ಳುತ್ತಿದ್ದಾರೆ. ಹದಿನೈದು ನಿಮಿಷ ಒಂದೆಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿದರೆ ಸಾಕು. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

2. ಒಂದೇ ಹಾದಿ ಮಾಡಿ. ಹಕ್ಕಿಗಳು ಒಂದೇ ದಾರಿಯಲ್ಲಿ ಓಡಾಡುವ ಮನುಷ್ಯರಿಗೆ ಬೇಗ ಹೊಂದಿಕೊಳ್ಳುತ್ತವೆ. ಎಲ್ಲಿಂದಲೋ ಪೊದೆ ಸೀಳಿಕೊಂಡು ಬರುವವರಿಗೆ ಬೆದರುತ್ತವೆ. ಆದ್ದರಿಂದ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವಂತೆ ಮೂರಡಿ ಅಗಲದ ಹಾದಿ ಬಿಡಿ. ಅಜ್ಜ ಅಜ್ಜಿ ಕೋಲೂರಿ ನಡೆಯಲು, ತಾಯಿ ಮಗುವನ್ನು ಎತ್ತಿಕೊಂಡು ನಡೆಯಲು ಅಷ್ಟು ಅಗಲ ಬೇಕು. ಒಣಗಿದ ಅಡಿಕೆ ಸಿಪ್ಪೆಯನ್ನು ಹಾದಿಗೆ ಹರವಿದರೆ ಕೆಸರು ಮೆತ್ತುವುದಿಲ್ಲ. ಇಕ್ಕೆಲಕ್ಕೂ ಅಡಿಕೆ ದಬ್ಬೆ ಕಟ್ಟಿ, ಮಕ್ಕಳ ಸೊಂಟದ ಎತ್ತರಕ್ಕೆ. ‘ದಬ್ಬೆ ದಾಟಬೇಡಿ’ ಎಂಬ ಒಂದು ಮಾತು ಹತ್ತು ಫಲಕಗಳ ಕೆಲಸ ಮಾಡುತ್ತದೆ. ದಬ್ಬೆಯಾಚೆಯ ಒಂದು ಮೂಲೆಯನ್ನು ಪೂರ್ತಿ ಬಿಟ್ಟುಬಿಡಿ: ತರಗೆಲೆ, ಸೋಗೆ, ಒಣಕೊಂಬೆ, ಎಲ್ಲ ಅಲ್ಲಿಯೇ ಕೊಳೆಯಲಿ. ಆ ಮೂಲೆ ಮನೆಯ ಗೋಡೆಯಿಂದಲೂ ಹಾದಿಯಿಂದಲೂ ದೂರವಿರಬೇಕು, ಏಕೆಂದರೆ ಅಲ್ಲಿಗೆ ಹಾವೂ ಬರುತ್ತದೆ.

3. ಹೂವಿನ ಗಿಡಕ್ಕಿಂತ ಮೊದಲು ಹುಳುವಿನ ಗಿಡ. ನರ್ಸರಿಗೆ ಹೋದವರು ಬಣ್ಣದ ಹೂ ನೋಡಿ ಗಿಡ ತರುತ್ತಾರೆ. ಚಿಟ್ಟೆ ಹೂವಿಗೆ ಬಂದು ಹೋಗುತ್ತದೆ. ನೆಲೆಸುವುದು ಮೊಟ್ಟೆ ಇಡುವ ಗಿಡ ಇದ್ದಲ್ಲಿ. ಪ್ರತಿಯೊಂದು ಚಿಟ್ಟೆಯ ಹುಳುವಿಗೂ ಅದರದೇ ಗಿಡ ಬೇಕು, ಬೇರೆ ಎಲೆ ಕೊಟ್ಟರೆ ಉಪವಾಸ ಸಾಯುತ್ತದೆಯೇ ಹೊರತು ತಿನ್ನುವುದಿಲ್ಲ. ಕರಿಬೇವು, ನಿಂಬೆ ಇದ್ದರೆ ನಿಂಬೆ ಚಿಟ್ಟೆ ಮತ್ತು ಕಾಮನ್ ಮಾರ್ಮನ್. ಎಕ್ಕ ಇದ್ದರೆ ಪ್ಲೇನ್ ಟೈಗರ್. ಸೀತಾಫಲ, ಸಂಪಿಗೆಗೆ ಟೇಲ್ಡ್ ಜೇ. ಈಶ್ವರಿ ಬಳ್ಳಿಗೆ ಕ್ರಿಮ್ಸನ್ ರೋಸ್. ತಂಗಡಿಗೆ ಹಳದಿ ಬಿಳಿಯ ಎಮಿಗ್ರೆಂಟ್‌ಗಳು. ಅಡಿಕೆ, ತೆಂಗಿನ ಗರಿಯನ್ನೇ ತಿಂದು ಬೆಳೆಯುವ ಪಾಮ್‌ಫ್ಲೈ ಎಂಬ ಕಂದು ಚಿಟ್ಟೆಯೂ ಇದೆ. ಅಡಿಕೆ ತೋಟದವರಿಗೆ ಅದು ಖರ್ಚಿಲ್ಲದೆ ಸಿಗುವ ಅತಿಥಿ.

ಜಗಳೂರಿನ ಕಡೆ ಒಣಭೂಮಿಯವರು ಅಡಿಕೆ ಸೀಮೆಯನ್ನು ಅನುಕರಿಸಬೇಕಾಗಿಲ್ಲ. ರಂಗಯ್ಯನದುರ್ಗದ ಕೊಂಡುಕುರಿ ಧಾಮ ಇರುವ ಆ ನೆಲಕ್ಕೆ ತಂಗಡಿ, ಎಕ್ಕ, ಬೋರೆ, ಕವಳಿ, ಸೀತಾಫಲಗಳೇ ಸಹಜ. ನೀರು ಹಾಕದೆ ಬದುಕುವ ಅವುಗಳಲ್ಲಿ ಬೋರೆ, ಕವಳಿಗಳು ಮುಳ್ಳಿನ ಮರೆಯಲ್ಲಿ ಹಕ್ಕಿಗೂ ಜಾಗ ಕೊಡುತ್ತವೆ. ಹೊನ್ನಾಳಿ, ನ್ಯಾಮತಿಯ ಗದ್ದೆ ಬಯಲಿನವರಿಗೆ ಬೆಳ್ಳಕ್ಕಿ, ಮಿಂಚುಳ್ಳಿಗಳು ಕಾಲುವೆಯಿಂದಲೇ ಬರುತ್ತವೆ. ಕೂರಲು ಒಂದು ಒಣಕೊಂಬೆ ನೆಟ್ಟರೂ ಸಾಕು.

4. ನೀರಿಡಿ, ಆದರೆ ಆಳ ಬೇಡ. ಅಡಿಕೆ ಹಾಳೆಯ ತಟ್ಟೆ ಅಥವಾ ಮಣ್ಣಿನ ಅಗಲ ಪಾತ್ರೆ, ಒಂದೆರಡು ಅಂಗುಲ ನೀರು, ನಡುವೆ ನೀರಿನ ಮೇಲಕ್ಕೆ ಚಾಚಿದ ಕಲ್ಲು. ಕಲ್ಲು ಇಲ್ಲದಿದ್ದರೆ ಜೇನ್ನೊಣ ಮುಳುಗಿ ಸಾಯುತ್ತದೆ. ಪೊದೆಗೆ ಅಂಟಿಕೊಂಡಂತೆ ಇಟ್ಟರೆ ಬೆಕ್ಕಿಗೆ ಅನುಕೂಲ, ಆರೇಳು ಅಡಿ ಬಯಲು ಬಿಟ್ಟು ಇಡಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಪಾತ್ರೆಯ ಒಳಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತವೆ. ಹಾಗಾಗಿ ನೀರು ಚೆಲ್ಲಿದರೆ ಸಾಲದು. ಎರಡು ಮೂರು ದಿನಕ್ಕೊಮ್ಮೆ ತೆಂಗಿನ ನಾರಿನಿಂದ ಒಳಭಾಗ ಉಜ್ಜಿ ಹೊಸ ನೀರು ತುಂಬಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಬೇಕು, ಉಜ್ಜುವ ಕೈ ಅದಕ್ಕಿಂತ ಮೊದಲೇ ಬರಬೇಕು.

5. ದಿನ ಮತ್ತು ಹೊತ್ತು. ಮಳೆ ಇಳಿದ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಚಿಟ್ಟೆಗಳ ಸುಗ್ಗಿ. 2020ರಿಂದ ದೇಶದಾದ್ಯಂತ ಸೆಪ್ಟೆಂಬರನ್ನು ಚಿಟ್ಟೆಗಳ ಮಾಸವಾಗಿ ಆಚರಿಸುತ್ತಿರುವುದೂ ಇದಕ್ಕೇ. ಹಕ್ಕಿ ನೋಡಬೇಕೆಂದರೆ ಬೆಳಗ್ಗೆ ಏಳಕ್ಕೆ ಕರೆಯಿರಿ, ಚಿಟ್ಟೆ ನೋಡಬೇಕೆಂದರೆ ಬಿಸಿಲು ಏರಿದ ಮೇಲೆ ಒಂಬತ್ತರಿಂದ ಹನ್ನೊಂದು. ಮಧ್ಯಾಹ್ನ ಕರೆದರೆ ಎರಡೂ ಇಲ್ಲ. ಆದರೆ ನಮ್ಮ ಕಡೆ ಒಂದು ತೊಡಕಿದೆ: ಅದೇ ತಿಂಗಳುಗಳು ಅಡಿಕೆ ಕೊಯ್ಲಿನವು. ಕೊನೆ ಇಳಿಸುವ ದಿನ, ಅಂಗಳದಲ್ಲಿ ಸುಲಿದು ಬೇಯಿಸುವ ದಿನ ಮಕ್ಕಳನ್ನು ಕರೆಯಲೇಬೇಡಿ. ಕುದಿಯುವ ಹಂಡೆಯೂ ಓಡಾಡುವ ಮಗುವೂ ಒಂದೇ ಅಂಗಳದಲ್ಲಿ ಇರಬಾರದು. ತೋಟವನ್ನು ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಟ್ಟಿದ್ದರೆ ಖೇಣಿದಾರರ ಜತೆ ಮೊದಲೇ ಮಾತಾಡಿ ದಿನ ಗೊತ್ತು ಮಾಡಿಕೊಳ್ಳಿ. ಬೋರ್ಡೊ ದ್ರಾವಣವೋ ಇನ್ನಾವುದೋ ಔಷಧಿ ಹೊಡೆದ ವಾರವೂ ಬೇಡ.

ಒಂದು ಸಲಕ್ಕೆ ಹತ್ತು ಹನ್ನೆರಡು ಜನ ಸಾಕು. ಐದು ಮಕ್ಕಳಿಗೆ ಒಬ್ಬರು ದೊಡ್ಡವರು ಇರಲಿ. ಶಾಲೆಯ ಇಡೀ ತರಗತಿ ಬರುವುದಾದರೆ ಗುಂಪು ಮಾಡಿ ಒಂದು ಗುಂಪು ಹಿತ್ತಲಲ್ಲಿ, ಒಂದು ಜಗಲಿಯಲ್ಲಿ ಚಿತ್ರ ಬಿಡಿಸುತ್ತ ಇರುವಂತೆ ನೋಡಿಕೊಳ್ಳಿ.

6. ಮಕ್ಕಳಿಗೆ ಕೆಲಸ ಕೊಡಿ. ‘ಸುಮ್ನೆ ನೋಡಿ’ ಎಂದರೆ ಮಕ್ಕಳು ಎರಡು ನಿಮಿಷವೂ ನಿಲ್ಲುವುದಿಲ್ಲ. ‘ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಹುಳ ಹುಡುಕಿ’ ಎಂದು ನೋಡಿ, ಕರಿಬೇವಿನ ಗಿಡದ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಾರೆ. ನಿಂಬೆ ಚಿಟ್ಟೆಯ ಎಳೆಯ ಹುಳ ಹಾಗೇ ಇರುತ್ತದೆ, ಹಕ್ಕಿಯ ಕಣ್ಣು ತಪ್ಪಿಸಲು. ಬೆಳೆದ ಮೇಲೆ ಹಸಿರಾಗುತ್ತದೆ. ಅದನ್ನು ಕೆಣಕಿದರೆ ತಲೆಯ ಹಿಂದಿನಿಂದ ಕೊಂಬಿನಂಥ ಅಂಗ ಹೊರಚಾಚಿ ಘಾಟು ವಾಸನೆ ಬಿಡುತ್ತದೆ; ಇದನ್ನು ನೀವು ಒಮ್ಮೆ ತೋರಿಸಿ, ಪ್ರತಿ ಮಗುವೂ ಕೆಣಕುವುದು ಬೇಡ. ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅರ್ಧಚಂದ್ರಾಕಾರದ ತೂತು ಕಂಡರೆ ಅದು ರೋಗವಲ್ಲ. ಎಲೆ ಕತ್ತರಿಸುವ ಒಂಟಿ ಜೇನೊಂದು ತನ್ನ ಮೊಟ್ಟೆಗೆ ಹಾಸಿಗೆ ಮಾಡಲು ಆ ತುಂಡು ಕೊಂಡೊಯ್ದಿರುತ್ತದೆ. ‘ಇದನ್ನು ಕತ್ತರಿಸಿದವರು ಯಾರು?’ ಎಂದು ಕೇಳಿ ಉತ್ತರಕ್ಕೆ ಕಾಯಿರಿ. ಮನೆಯ ಅಜ್ಜಿಯನ್ನು ಹಾದಿಯ ಕೊನೆಯಲ್ಲಿ ಕೂರಿಸಿ. ದೊಡ್ಡಪತ್ರೆ, ತುಳಸಿ, ಒಂದೆಲಗ ತೋರಿಸಿ ಯಾವುದನ್ನು ಯಾವಾಗ ಕೊಡುತ್ತಿದ್ದರೆಂದು ಅವರು ಹೇಳಲಿ. ಮಕ್ಕಳು ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ.

7. ತಿಂಡಿ ಹಿತ್ತಲ ಹೊರಗೆ. ಬಂದವರಿಗೆ ಮಂಡಕ್ಕಿ ಮೆಣಸಿನಕಾಯಿ ಕೊಡದೆ ಕಳಿಸುವುದು ದಾವಣಗೆರೆ ಸೀಮೆಯಲ್ಲಿ ಆಗದ ಮಾತು. ಕೊಡಿ, ಆದರೆ ಜಗಲಿಯ ಮೇಲೆ, ಹಾಳೆ ತಟ್ಟೆಯಲ್ಲಿ. ಹಿತ್ತಲಲ್ಲಿ ಚೆಲ್ಲಿದ ಮಂಡಕ್ಕಿಗೆ ರಾತ್ರಿ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಹಗಲು ಕಾಗೆ ಸೇರಿದರೆ ಸಣ್ಣ ಹಕ್ಕಿಗಳ ಮೊಟ್ಟೆ ಉಳಿಯುವುದಿಲ್ಲ.

ಪ್ರವೇಶಕ್ಕೆ ದುಡ್ಡು ತೆಗೆದುಕೊಳ್ಳಬೇಕೇ? ಮನೆಗೆ ಬಂದವರಿಂದ ಹಣ ಕೇಳಲು ನಮ್ಮ ಹಳ್ಳಿಗಳಲ್ಲಿ ನಾಲಿಗೆ ಏಳುವುದಿಲ್ಲ, ಏಳಬೇಕಾಗಿಯೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಬರುವವರು ತಮ್ಮ ಹಿತ್ತಲಿನ ಒಂದು ಹಿಡಿ ನಾಟಿ ಬೀಜವೋ ಒಂದು ಕಡ್ಡಿಯೋ ತರಲಿ, ನಿಮ್ಮಲ್ಲಿಯದೊಂದು ಒಯ್ಯಲಿ. ಅವರೆ, ಹೀರೆ, ಚಪ್ಪರದವರೆಯ ಹಳೆಯ ತಳಿಗಳು ಊರೂರು ತಿರುಗಿ ಉಳಿದದ್ದು ಹೀಗೆಯೇ.

ಎಚ್ಚರಿಕೆಗಳು

ಮೊದಲನೆಯದು ಕೃಷಿಹೊಂಡ. ಪ್ಲಾಸ್ಟಿಕ್ ಹೊದಿಸಿದ ಹೊಂಡಕ್ಕೆ ಜಾರಿ ಬಿದ್ದವರಿಗೆ ಕಾಲೂರಲು ಹಿಡಿತ ಸಿಗುವುದಿಲ್ಲ, ಈಜು ಬಂದರೂ ಮೇಲೆ ಹತ್ತುವುದು ಕಷ್ಟ. ಸುತ್ತ ಭದ್ರ ಬೇಲಿ, ಒಳಕ್ಕೆ ಇಳಿಬಿಟ್ಟ ಗಂಟು ಹಾಕಿದ ಹಗ್ಗ ಎರಡೂ ಇಲ್ಲದಿದ್ದರೆ ಮಕ್ಕಳನ್ನು ಕರೆಯಬೇಡಿ. ತೆರೆದ ಬಾವಿ, ಮುಚ್ಚಳವಿಲ್ಲದ ಕೊಳವೆಬಾವಿ, ಪಂಪ್‌ಸೆಟ್ ಸ್ಟಾರ್ಟರ್, ಐಬೆಕ್ಸ್ ವಿದ್ಯುತ್ ಬೇಲಿ ಎಲ್ಲವನ್ನೂ ಹಿಂದಿನ ದಿನವೇ ನೋಡಿ. ಬಸಿಗಾಲುವೆ ದಾಟುವಲ್ಲಿ ಹಲಗೆ ಹಾಕಿ, ಡ್ರಿಪ್ ಪೈಪು ಹಾದಿಗೆ ಅಡ್ಡ ಬರದಂತೆ ಸರಿಸಿ. ಒಣಗಿ ಜೋತುಬಿದ್ದ ಸೋಗೆ, ಬಲಿತ ತೆಂಗಿನಕಾಯಿ ಹಾದಿಯ ಮೇಲಿದ್ದರೆ ಇಳಿಸಿಬಿಡಿ.

ಚಿಟ್ಟೆಗೆ ಬೇಕಾದ ಕೆಲವು ಗಿಡಗಳು ಮಕ್ಕಳಿಗೆ ವಿಷ. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಹರಳು ಬೀಜ, ಗುಲಗಂಜಿ, ಉಮ್ಮತ್ತಿ, ಕಣಗಿಲೆಯ ಎಲ್ಲ ಭಾಗ, ಅಗ್ನಿಶಿಖೆಯ ಗೆಡ್ಡೆ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಕಿತ್ತೆಸೆಯಬೇಕಿಲ್ಲ. ದಬ್ಬೆಯಾಚೆ, ಕೈಗೆಟುಕದ ದೂರದಲ್ಲಿ ಇರಲಿ. ಹುಳುಗಳ ವಿಷಯದಲ್ಲಿ ಮಕ್ಕಳಿಗೆ ಒಂದೇ ನಿಯಮ ಹೇಳಿ: ಮೈಮೇಲೆ ಕೂದಲಿರುವ ಯಾವ ಹುಳವನ್ನೂ ಮುಟ್ಟಬೇಡಿ.

ಹೆಜ್ಜೇನು ಕಟ್ಟಿದ ಮರ ಹಾದಿಯ ಹತ್ತಿರವಿದ್ದರೆ ಅದು ಎದ್ದುಹೋಗುವ ತನಕ ಭೇಟಿ ಮುಂದೂಡಿ. ಹೊಗೆ, ಪಟಾಕಿ, ಘಮ್ಮೆನ್ನುವ ಸೆಂಟು ಅವನ್ನು ಕೆರಳಿಸುತ್ತವೆ. ಎರಗಿದರೆ ಮುಖ ಮುಚ್ಚಿಕೊಂಡು ಮನೆಯೊಳಗೆ ಓಡಬೇಕು, ನೀರಿಗೆ ಹಾರಬಾರದು. ಚುಚ್ಚಿದ ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರು ಕಟ್ಟಿದರೆ, ಮುಖ ಊದಿದರೆ ಅಥವಾ ಹತ್ತಾರು ಕಡೆ ಚುಚ್ಚಿದ್ದರೆ ಕೂಡಲೇ ಆಸ್ಪತ್ರೆಗೆ. ತುಡುವೆ ಪೆಟ್ಟಿಗೆ ಇಟ್ಟವರು ಅದರ ಬಾಯಿ ಹಾದಿಯ ಕಡೆಗೆ ಇರದಂತೆ ತಿರುಗಿಸಿದರೆ ಸಾಕು.

ಹಾವಿನ ಭಯಕ್ಕೆ ಹಿತ್ತಲನ್ನೇ ಬೋಳಿಸುವವರಿದ್ದಾರೆ. ಅಡಿಕೆ ತೋಟದಲ್ಲಿ ಕಾಣುವ ಕೇರೆ ಹಾವಿಗೆ ವಿಷವಿಲ್ಲ, ಇಲಿ ಹಿಡಿಯುವ ಕೆಲಸ ಅದರದು. ನಾಗರ, ಕೊಳಕುಮಂಡಲ, ಕಟ್ಟುಹಾವುಗಳಿಂದ ದೂರವಿರಲು ಹಾದಿಯ ಹುಲ್ಲನ್ನು ಮೋಟಾಗಿ ಕತ್ತರಿಸಿ, ಚಪ್ಪಲಿಗಿಂತ ಬೂಟು ಹಾಕಿಬರಲು ಹೇಳಿ, ಕತ್ತಲಾಗುವ ಮೊದಲೇ ಭೇಟಿ ಮುಗಿಸಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗದಂತೆ ಇಟ್ಟು, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆಗೆ ಒಯ್ಯಿರಿ. ಕರ್ನಾಟಕವು 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ದಾಸ್ತಾನಿದೆ ಎಂದು ಭೇಟಿಯ ಮೊದಲೇ ಕೇಳಿ ತಿಳಿದಿಟ್ಟುಕೊಳ್ಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಗೂಡು ತೋರಿಸುವ ಉತ್ಸಾಹ ಎಲ್ಲಕ್ಕಿಂತ ಕೆಟ್ಟದ್ದು. ಮೊಟ್ಟೆಯಿಟ್ಟ ಸೂರಕ್ಕಿ ಗೂಡಿನ ಮುಂದೆ ಹತ್ತು ಜನ ಮೊಬೈಲ್ ಹಿಡಿದು ನಿಂತರೆ ತಾಯಿ ಒಳಗೆ ಬರುವುದಿಲ್ಲ. ಅಷ್ಟು ಹೊತ್ತು ಮೊಟ್ಟೆ ತಣ್ಣಗಾಗುತ್ತದೆ, ಕಾಗೆಗೂ ಗೂಡಿನ ಜಾಗ ಗೊತ್ತಾಗುತ್ತದೆ. ಗೂಡು ಹಾದಿಯ ಪಕ್ಕದಲ್ಲಿದ್ದರೆ ಆ ತಿರುವನ್ನೇ ದಬ್ಬೆಯಿಂದ ಮುಚ್ಚಿ. ಮರಿ ಹಾರಿದ ಮೇಲೆ ಖಾಲಿ ಗೂಡನ್ನು ಎಷ್ಟು ಬೇಕಾದರೂ ತೋರಿಸಬಹುದು, ಅದರ ಹೆಣಿಗೆ ಆಗಲೇ ಚೆನ್ನಾಗಿ ಕಾಣುವುದು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಸುವುದೂ ಬೇಡ. ತನ್ನ ಜಾಗಕ್ಕೆ ಮತ್ತೊಬ್ಬ ಬಂದನೆಂದು ಅದು ಮರಿ ಬಿಟ್ಟು ಜಗಳಕ್ಕೆ ಬರುತ್ತದೆ.

ಮಕ್ಕಳಿಗೆ ಖುಷಿಯಾಗಲೆಂದು ಗಿಣಿಯನ್ನೋ ನಕ್ಷತ್ರ ಆಮೆಯನ್ನೋ ತಂದು ಪಂಜರದಲ್ಲಿ ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಲಂಟಾನಕ್ಕೆ ಚಿಟ್ಟೆ ಬರುತ್ತದೆಂದು ನೆಡುವುದೂ ತಪ್ಪು ಲೆಕ್ಕ. ಅದರ ಹಣ್ಣು ತಿಂದ ಪಿಕಳಾರಗಳು ಬೀಜವನ್ನು ಊರ ಗೋಮಾಳಕ್ಕೆಲ್ಲ ಹರಡಿಬಿಡುತ್ತವೆ. ಭೇಟಿಯ ವಾರ ಒಮ್ಮೆಗೇ ಹತ್ತು ಹೂಗಿಡ ಕುಂಡದಲ್ಲಿ ತಂದಿಡುವವರು ನರ್ಸರಿಯವರನ್ನು ಒಂದು ಮಾತು ಕೇಳಿ: ಔಷಧಿ ಹೊಡೆದ ಗಿಡವೇ? ಹೌದಾದರೆ ಅದನ್ನು ಚಿಟ್ಟೆಗಳಿಂದ ದೂರವಿಡಿ.

ಭೇಟಿಯ ಮರುದಿನ

ಬೆಳಗ್ಗೆ ಒಬ್ಬರೇ ಹಾದಿಯುದ್ದಕ್ಕೂ ನಡೆಯಿರಿ. ದಬ್ಬೆ ಎಲ್ಲಿ ಸಡಿಲವಾಗಿದೆ, ಯಾವ ಗಿಡದ ಬುಡ ತುಳಿದಿದೆ, ಮಕ್ಕಳು ಎಲ್ಲಿ ಹಾದಿ ಬಿಟ್ಟು ನಡೆದಿದ್ದಾರೆ ಎಂದು ನೋಡಿ. ಅವರು ಬಿಟ್ಟು ನಡೆದಲ್ಲಿ ನೋಡುವಂಥದ್ದೇನೋ ಇತ್ತು ಎಂದೇ ಅರ್ಥ, ಮುಂದಿನ ಸಲ ಹಾದಿಯನ್ನು ಆ ಕಡೆಗೆ ಸ್ವಲ್ಪ ತಿರುಗಿಸಬಹುದೇ ಯೋಚಿಸಿ. ಗೂಡಿಗೆ ತಾಯಿ ಬರುತ್ತಿದೆಯೇ ಎಂದು ದೂರದಿಂದಲೇ ಗಮನಿಸಿ. ನೀರಿನ ತಟ್ಟೆ ಉಜ್ಜಿ ತುಂಬಿ. ಸೂರಕ್ಕಿ, ಟುವ್ವಿ, ಮಡಿವಾಳ ಹಕ್ಕಿಗಳು ಎಷ್ಟು ದಿನಕ್ಕೆ ಹಿಂದಿನ ಹಾಗೆ ಬಂದವು ಎಂಬುದನ್ನು ನೋಟ್‌ಪುಸ್ತಕದಲ್ಲಿ ಬರೆಯಿರಿ. ಒಂದೇ ದಿನಕ್ಕೆ ಬಂದರೆ ತಿಂಗಳಿಗೊಮ್ಮೆ ಕರೆಯಬಹುದು. ವಾರ ಹಿಡಿದರೆ ಜನ ಹೆಚ್ಚಾಯಿತು, ಮುಂದಿನ ಸಲ ಅರ್ಧಕ್ಕೆ ಇಳಿಸಿ.